ನಿಮ್ಮ ಮನೆಯಲ್ಲಿ ಮೊಬೈಲು ಮಾಡುತ್ತಿರುವ ಕೆಲಸ ಯಾವುದು?

ಪ್ರಶ್ನೆ: ನನ್ನ ಮಗನಿಗೆ ಈಗ 2 ವರ್ಷ 4 ತಿಂಗಳು. ನಾನು, ನನ್ನ ಗಂಡ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಹಗಲು ಹೊತ್ತು ಮಗು ಅತ್ತೆಯ ಹತ್ತಿರ ಇರುತ್ತದೆ. ಅವರಿಗೆ ಮಂಡಿನೋವು, ಇವನ ಹಿಂದೆ ಓಡಲು ಆಗುವುದಿಲ್ಲ. ವರ್ಷ ತುಂಬುವ ಹೊತ್ತಿಗೇ ಊಟಕ್ಕೆ ಮೊಬೈಲ್ ಬೇಕೇ ಬೇಕು ಅನ್ನುವ ಹಾಗಾಯಿತು. ಈಗ ದಿನಕ್ಕೆ ಮೂರು ನಾಲ್ಕು ಗಂಟೆ ನೋಡುತ್ತಾನೆ. ಟಿವಿ ಬೇರೆ ಓಡುತ್ತಲೇ ಇರುತ್ತದೆ. ಇಂಗ್ಲಿಷ್ ಅಕ್ಷರಮಾಲೆ ಪೂರ್ತಿ ಹೇಳುತ್ತಾನೆ, ಇಪ್ಪತ್ತರವರೆಗೆ ಎಣಿಸುತ್ತಾನೆ, ಬಣ್ಣಗಳ ಹೆಸರು ಹೇಳುತ್ತಾನೆ. ಆದರೆ ನೀರು ಬೇಕಾದರೆ ಕೇಳುವುದಿಲ್ಲ. ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಮೊಬೈಲ್ ತೆಗೆದುಕೊಂಡರೆ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. "ಇದು ಮೊಬೈಲಿನಿಂದ ಬರುವ ಆಟಿಸಂ" ಎಂದು ನಾದಿನಿ ಹೇಳುತ್ತಾಳೆ. "ಈಗಿನ ಕಾಲದ ಮಗು, ಟೆಕ್ನಾಲಜಿ ಗೊತ್ತಿಲ್ಲದಿದ್ದರೆ ಹಿಂದೆ ಬೀಳುತ್ತಾನೆ" ಎಂದು ಗಂಡ ಹೇಳುತ್ತಾರೆ. ದೂರದಲ್ಲಿರುವ ನನ್ನ ಅಪ್ಪ ಅಮ್ಮ ದಿನಾ ವೀಡಿಯೊ ಕಾಲ್ ಮಾಡುತ್ತಾರೆ, ಅದನ್ನೂ ನಿಲ್ಲಿಸಬೇಕಾ? ಕಣ್ಣು ಹಾಳಾಗುತ್ತಾ? ಮೊಬೈಲ್ ಪೂರ್ತಿ ಬಿಡಿಸಬೇಕಾ? ಆಗಬಾರದ್ದು ಈಗಾಗಲೇ ಆಗಿಬಿಟ್ಟಿದೆಯಾ?

ಉತ್ತರ: ನೀವು ಕೇಳಿರುವುದರಲ್ಲಿ ಹೆಚ್ಚಿನವು ನಿಧಾನವಾಗಿ ಯೋಚಿಸಿ ತೀರ್ಮಾನಿಸಬಹುದಾದ ವಿಷಯಗಳು. ಒಂದು ಮಾತ್ರ ಹಾಗಲ್ಲ. ಅದನ್ನು ನೀವು ಪತ್ರದ ನಡುವೆ ಒಂದೆರಡು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ: ನೀರು ಬೇಕಾದರೆ ಕೇಳುವುದಿಲ್ಲ, ಕೈ ಹಿಡಿದು ಎಳೆಯುತ್ತಾನೆ. ನಾನು ಮಾತು ತಡವಾದ ಮಕ್ಕಳ ಜೊತೆ ಕೆಲಸ ಮಾಡುವ ಸ್ಪೀಚ್ ಥೆರಪಿಸ್ಟ್. ನನ್ನ ಕಣ್ಣು ಹೋಗಿ ನಿಂತದ್ದು ಅಲ್ಲೇ. ಮೊಬೈಲಿನ ವಿಷಯಕ್ಕೆ ಆಮೇಲೆ ಬರೋಣ.

ಎರಡು ವರ್ಷ ತುಂಬುವ ಹೊತ್ತಿಗೆ ಹೆಚ್ಚಿನ ಮಕ್ಕಳು ಐವತ್ತು ಅಥವಾ ಅದಕ್ಕೂ ಜಾಸ್ತಿ ಪದ ಬಳಸುತ್ತಾರೆ. ಎರಡು ಪದ ಜೋಡಿಸುತ್ತಾರೆ. "ಅಮ್ಮ ಬಾ", "ನೀರು ಬೇಕು", "ಅಪ್ಪ ಹೋದ". ಮಾತು ತೊದಲಾಗಿದ್ದರೂ ಪರವಾಗಿಲ್ಲ. ಅದು ಇನ್ನೊಬ್ಬರನ್ನು ಉದ್ದೇಶಿಸಿ ಹೊರಟಿರಬೇಕು. ನಿಮ್ಮ ಮಗ ಅಕ್ಷರಮಾಲೆ ಒಪ್ಪಿಸುತ್ತಾನೆ ಅಂದರೆ ಅವನ ನೆನಪು ಚೆನ್ನಾಗಿದೆ. ಅದು ಸಂತೋಷದ ವಿಷಯವೇ. ಆದರೆ ಮಾತಿನ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ. ಅಕ್ಷರಮಾಲೆ ಹೇಳಿ ಯಾರ ಹತ್ತಿರವೂ ಏನನ್ನೂ ಕೇಳೋಕೆ ಆಗಲ್ಲ, ಅಲ್ವಾ?

ಈ ವಾರ ಸ್ವಲ್ಪ ಗಮನಿಸಿ ನೋಡಿ. ಕೈ ಎಳೆಯುವಾಗ ನಿಮ್ಮ ಮುಖ ನೋಡುತ್ತಾನಾ? ಅಥವಾ ನಿಮ್ಮ ಕೈಯನ್ನು ತೆಗೆದು ಬಾಟಲಿಯ ಮೇಲೆ ಇಟ್ಟು ಸುಮ್ಮನಾಗುತ್ತಾನಾ? ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ನಮಗೆ ಮಾತ್ರ ತುಂಬಾ ಬೇರೆ. ಆಕಾಶದಲ್ಲಿ ವಿಮಾನ ಕಂಡರೆ ಬೆರಳು ಮಾಡಿ ನಿಮಗೆ ತೋರಿಸುತ್ತಾನಾ? ಏನೂ ಬೇಡದಿದ್ದರೂ, ಸುಮ್ನೆ "ನೋಡು" ಎನ್ನುವುದಕ್ಕೆ? ಹೆಸರು ಹಿಡಿದು ಕರೆದರೆ ತಿರುಗುತ್ತಾನಾ? ಗೊಂಬೆಗೆ ಉಣ್ಣಿಸುವ, ಮಲಗಿಸುವ ಆಟ ಆಡುತ್ತಾನಾ? ಮೊದಲು ಹೇಳುತ್ತಿದ್ದ ಪದ ಯಾವುದಾದರೂ ಬಿಟ್ಟುಹೋಗಿದೆಯಾ?

ಉತ್ತರಗಳು ಏನೇ ಇರಲಿ, ಎರಡು ಕೆಲಸ ಈಗಲೇ ಮಾಡಿ. ಮಕ್ಕಳ ವೈದ್ಯರಿಂದ ಬೆಳವಣಿಗೆಯ ತಪಾಸಣೆ ಮಾಡಿಸಿ. ಕಿವಿ ಪರೀಕ್ಷೆ ಮಾಡಿಸಿ. "ಟಿವಿ ಸದ್ದಿಗೆ ತಿರುಗುತ್ತಾನೆ, ಕಿವಿ ಸರಿ ಇದೆ" ಎಂದು ಮನೆಯಲ್ಲೇ ತೀರ್ಪು ಕೊಡಬೇಡಿ. ಮೇಲಿಂದ ಮೇಲೆ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ದ್ರವ ತುಂಬಿಕೊಳ್ಳುವುದುಂಟು. ಆಗ ಜೋರಾದ ಸದ್ದು ಕೇಳುತ್ತದೆ, ಮೆಲ್ಲಗೆ ಆಡಿದ ಮಾತು ಮಸುಕಾಗುತ್ತದೆ. "ಗಂಡು ಮಕ್ಕಳು ತಡವಾಗಿಯೇ ಮಾತಾಡೋದು" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸರಾಸರಿಯಲ್ಲಿ ಸ್ವಲ್ಪ ವ್ಯತ್ಯಾಸ ಇರುವುದು ನಿಜ. ಈ ವಯಸ್ಸಿನಲ್ಲೂ ತನಗೆ ಬೇಕಾದ್ದನ್ನು ಮಾತಿನಲ್ಲಿ ಕೇಳದಿರುವುದಕ್ಕೆ ಅದು ಕಾರಣ ಆಗುವುದಿಲ್ಲ.

"ಮೊದಲು ಮೊಬೈಲ್ ಬಿಡಿಸಿ, ಆರು ತಿಂಗಳು ನೋಡಿ, ಆಮೇಲೆ ಡಾಕ್ಟರ ಹತ್ತಿರ ಹೋಗೋಣ" ಎನ್ನುವ ಆಲೋಚನೆ ಬಂದಿದ್ದರೆ ಬಿಟ್ಟುಬಿಡಿ. ಎರಡೂ ಒಟ್ಟಿಗೇ ನಡೆಯಲಿ.

ನಾದಿನಿಯ ಮಾತು

ಮೊಬೈಲ್ ನೋಡಿ ಆಟಿಸಂ ಬರುವುದಿಲ್ಲ. ಆಟಿಸಂ ಮಿದುಳು ಬೆಳೆಯುವ ಬಗೆಗೆ ಸೇರಿದ್ದು. ಅದರಲ್ಲಿ ವಂಶವಾಹಿಗಳ ಪಾಲು ದೊಡ್ಡದು. ಅದರ ಬೇರುಗಳು ಹುಟ್ಟುವುದಕ್ಕೆ ಮೊದಲೇ ಇರುತ್ತವೆ. "ವರ್ಚುವಲ್ ಆಟಿಸಂ" ಎಂಬ ಮಾತು ರೊಮೇನಿಯಾದ ಒಬ್ಬ ಮನಶ್ಶಾಸ್ತ್ರಜ್ಞರ ಬರಹದಿಂದ ಹಬ್ಬಿತು. ಈಗ ಎಲ್ಲ ಕಡೆ ಓಡಾಡುತ್ತಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಅಂಥ ಹೆಸರಿಲ್ಲ. ಮನೋವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಯಲ್ಲೂ ಇಲ್ಲ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದು ಎಲ್ಲಿಂದ? ಪೂರ್ತಿ ಗಾಳಿ ಮಾತೇನೂ ಅಲ್ಲ. ದಿನದ ಬಹುಪಾಲು ಸ್ಕ್ರೀನ್ ಮುಂದೆ ಕಳೆಯುವ ಕೆಲವು ಮಕ್ಕಳು ಕರೆದರೆ ತಿರುಗುವುದಿಲ್ಲ, ಮುಖ ನೋಡುವುದು ಕಡಿಮೆ, ಮಾತು ಕಡಿಮೆ. ಸ್ಕ್ರೀನ್ ತೆಗೆದು ಜನರ ಒಡನಾಟ ಜಾಸ್ತಿ ಮಾಡಿದಾಗ ಅವರಲ್ಲಿ ಕೆಲವರು ಬೇಗ ಚೇತರಿಸಿಕೊಳ್ಳುತ್ತಾರೆ. ಅದನ್ನು ನಾನೂ ಕಂಡಿದ್ದೇನೆ. ಅವರಿಗೆ ಆಟಿಸಂ ಇರಲಿಲ್ಲ, ಅಷ್ಟೆ. ಇನ್ನು ಕೆಲವರಲ್ಲಿ ಕಥೆ ತಿರುವುಮುರುವು. ಜನರ ಮುಖ, ಮಾತು ಗೋಜಲು ಅನ್ನಿಸುವ ಮಗುವಿಗೆ ಒಂದೇ ಥರ ಮತ್ತೆ ಮತ್ತೆ ಓಡುವ ವೀಡಿಯೊ ಹಾಯೆನಿಸುತ್ತದೆ. ಸಮಾಧಾನ ಮಾಡುವುದು ಕಷ್ಟವಾದ ಮಗುವಿನ ಕೈಗೆ ಮೊಬೈಲ್ ಜಾಸ್ತಿ ಸಿಗುವುದೂ ಸಹಜ. ಅಂದರೆ ಮೊಬೈಲ್ ಮೊದಲೋ ತೊಂದರೆ ಮೊದಲೋ ಎಂದು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ತೀರಾ ಚಿಕ್ಕ ವಯಸ್ಸಿನಲ್ಲೇ ಅಕ್ಷರ, ಅಂಕಿಗಳ ಮೇಲೆ ವಿಪರೀತ ಒಲವು ಬೆಳೆಯುವುದು ಆಟಿಸಂ ಇರುವ ಕೆಲವು ಮಕ್ಕಳಲ್ಲೂ ಕಾಣುತ್ತದೆ, ಏನೂ ತೊಂದರೆ ಇಲ್ಲದ ಮಕ್ಕಳಲ್ಲೂ ಕಾಣುತ್ತದೆ. ಅದಕ್ಕೇ ತಪಾಸಣೆ ಬೇಕು ಅಂದದ್ದು. ನಾದಿನಿಯ ಮೇಲೆ ಸಿಟ್ಟಾಗಬೇಡಿ. ಅವರು ಕೊಟ್ಟ ಹೆಸರು ತಪ್ಪು. ಏನೋ ಸರಿಯಿಲ್ಲ ಎಂದು ಗುರುತಿಸಿದ್ದು ತಪ್ಪಲ್ಲ.

ಸ್ಕ್ರೀನಿನಿಂದ ಮಗು ಯಾಕೆ ಕಲಿಯುವುದಿಲ್ಲ

"ಕಲಿಸುವ ವೀಡಿಯೊ" ಎಂಬ ಹಣೆಪಟ್ಟಿ ಅಂಟಿಸಿದ ತಕ್ಷಣ ನಮಗೆ ಸಮಾಧಾನ ಆಗಿಬಿಡುತ್ತದೆ. ಇದರ ಬಗ್ಗೆ ನಡೆದ ಪ್ರಯೋಗಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಪಟ್ರಿಷಿಯಾ ಕೂಲ್ ಅವರದು. 2003ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ ಒಂಬತ್ತು ತಿಂಗಳ ಶಿಶುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಕೆಲವು ಶಿಶುಗಳ ಎದುರು ಆ ಭಾಷೆಯವರೇ ಕೂತು ಆಡಿಸಿದರು, ಓದಿ ಹೇಳಿದರು. ಉಳಿದವರಿಗೆ ಅದೇ ಜನ, ಅದೇ ಮಾತು, ಆದರೆ ಟಿವಿಯಲ್ಲಿ ಅಥವಾ ಬರೀ ಧ್ವನಿಯಲ್ಲಿ. 12 ಭೇಟಿಗಳ ನಂತರ ಪರೀಕ್ಷಿಸಿದರು. ಎದುರು ಕೂತವರಿಂದ ಕೇಳಿದ ಶಿಶುಗಳು ಆ ಭಾಷೆಯ ಧ್ವನಿಗಳ ಸೂಕ್ಷ್ಮ ವ್ಯತ್ಯಾಸ ಗುರುತಿಸಿದವು. ಟಿವಿಯಲ್ಲಿ ನೋಡಿದವು, ಧ್ವನಿ ಮಾತ್ರ ಕೇಳಿದವು ಏನೂ ಕಲಿತಿರಲಿಲ್ಲ.

2010ರಲ್ಲಿ ಜೂಡಿ ಡಿಲೋಷ್ ಮತ್ತು ಸಂಗಡಿಗರು ಪದ ಕಲಿಸುವ ಡಿವಿಡಿಯೊಂದನ್ನು 12ರಿಂದ 18 ತಿಂಗಳ ಮಕ್ಕಳ ಮೇಲೆ ಪರೀಕ್ಷಿಸಿದರು. ಒಂದು ತಿಂಗಳು ಡಿವಿಡಿ ನೋಡಿದ ಮಕ್ಕಳು ನೋಡದ ಮಕ್ಕಳಿಗಿಂತ ಜಾಸ್ತಿ ಪದ ಕಲಿಯಲಿಲ್ಲ. ಜಾಸ್ತಿ ಕಲಿತವರು ಯಾರು ಗೊತ್ತಾ? ಡಿವಿಡಿಯೇ ಇಲ್ಲದೆ, ದಿನದ ಕೆಲಸಗಳ ನಡುವೆ ಅಪ್ಪ ಅಮ್ಮಂದಿರು ಅದೇ ಪದಗಳನ್ನು ಹೇಳಿಕೊಟ್ಟ ಮಕ್ಕಳು. ಇದರಲ್ಲಿ ಇನ್ನೊಂದು ತಮಾಷೆಯೂ ಇದೆ. ಡಿವಿಡಿಯನ್ನು ಯಾವ ಪೋಷಕರು ಮೆಚ್ಚಿಕೊಂಡಿದ್ದರೋ ಅವರೇ ತಮ್ಮ ಮಗು ತುಂಬಾ ಕಲಿತಿದೆ ಎಂದು ನಂಬಿದ್ದರು.

ಕಾರಣ ಸರಳವಾಗಿದೆ. ವೀಡಿಯೊದಲ್ಲಿರುವ ವ್ಯಕ್ತಿ ನಿಮ್ಮ ಮಗುವಿನ ಮುಖ ನೋಡುವುದಿಲ್ಲ. ಮಗು ಚೆಂಡು ನೋಡುತ್ತಿದ್ದಾಗಲೇ "ಚೆಂಡು" ಎಂದು ಹೇಳಲು ಅವರಿಗೆ ಆಗುವುದಿಲ್ಲ. ಮಗು "ಬಾ" ಎಂದರೆ ನಿಂತು, ನಕ್ಕು, "ಬಾಲ್ ಬೇಕಾ?" ಎಂದು ಕೇಳಲೂ ಆಗುವುದಿಲ್ಲ. ಮಾತು ಕಲಿಯಲು ಬೇಕಿರುವುದು ಆ ಹೊತ್ತಿಗೆ ಸರಿಯಾಗಿ ಸಿಗುವ ಉತ್ತರ. ಇದು ಎರಡೂವರೆ ಮೂರು ವರ್ಷದವರೆಗೆ ತುಂಬಾ ನಿಜ. ಆಮೇಲೆ ನಿಧಾನವಾಗಿ ಸಡಿಲವಾಗುತ್ತದೆ.

ನಿಮ್ಮ ಅಪ್ಪ ಅಮ್ಮನ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ವೀಡಿಯೊ ಕಾಲ್ ನಿಲ್ಲಿಸಬೇಡಿ. ಅಲ್ಲಿ ಅಜ್ಜ ಅಜ್ಜಿ ಮಗುವಿಗೆ ತಿರುಗಿ ಉತ್ತರ ಕೊಡುತ್ತಾರೆ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 24ರಿಂದ 30 ತಿಂಗಳ ಮಕ್ಕಳು ವೀಡಿಯೊ ಕಾಲಿನಲ್ಲಿ ಹೊಸ ಕ್ರಿಯಾಪದಗಳನ್ನು ಎದುರಾಎದುರು ಕೂತಷ್ಟೇ ಚೆನ್ನಾಗಿ ಕಲಿತರು. ಮೊದಲೇ ಚಿತ್ರೀಕರಿಸಿದ ವೀಡಿಯೊದಿಂದ ಕಲಿಯಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ 18 ತಿಂಗಳ ಒಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ ಎಂದಾಗಲೂ ವೀಡಿಯೊ ಕಾಲಿಗೆ ವಿನಾಯಿತಿ ಕೊಟ್ಟಿತು. ಒಂದೇ ಸಲಹೆ: "ಎ ಬಿ ಸಿ ಡಿ ಹೇಳು, ತಾತನಿಗೆ ತೋರಿಸು" ಎಂಬ ಪರೀಕ್ಷೆ ಬೇಡ. ಅಜ್ಜಿ ಬಟ್ಟೆಯಿಂದ ಮುಖ ಮುಚ್ಚಿ ತೆಗೆದು ಆಡಿಸಲಿ. ನೀವು ಪಕ್ಕದಲ್ಲಿ ಕೂತು ಅವರಾಡಿದ ಮಾತನ್ನು ಇಲ್ಲಿ ಇರುವ ವಸ್ತುವಿಗೆ ಜೋಡಿಸಿ.

ಮೊಬೈಲಿನ ಗಲಾಟೆಯಲ್ಲಿ ಎಲ್ಲರೂ ಮರೆಯುವುದು ಹಿನ್ನೆಲೆಯಲ್ಲಿ ಓಡುವ ಟಿವಿ. "ಯಾರೂ ನೋಡ್ತಾ ಇಲ್ಲ, ಸುಮ್ನೆ ಹಾಕಿದೆ" ಎನ್ನುತ್ತೇವೆ. 2009ರ ಅಧ್ಯಯನವೊಂದರಲ್ಲಿ ಎರಡು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಪುಟ್ಟ ರೆಕಾರ್ಡರ್ ತೊಡಿಸಿ ದಿನವಿಡೀ ಕೇಳಿಸಿದ್ದನ್ನು ದಾಖಲಿಸಿದರು. ಟಿವಿ ಸದ್ದು ಕೇಳುತ್ತಿದ್ದ ಪ್ರತಿ ಒಂದು ಗಂಟೆಗೆ, ದೊಡ್ಡವರಿಂದ ಮಗು ಕೇಳುವ ಪದಗಳು ಸುಮಾರು 770ರಷ್ಟು ಕಡಿಮೆಯಾಗುತ್ತಿದ್ದವು. ಟಿವಿ ಓಡುವಾಗ ದೊಡ್ಡವರು ಮಾತಾಡುವುದೇ ಕಡಿಮೆ. ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ಬದಲಾಯಿಸಬಹುದಾದ್ದು ಇದೇ. ಇವತ್ತೇ ಆಫ್ ಮಾಡಿ. ಮಗು ರಚ್ಚೆ ಹಿಡಿಯುವುದೂ ಇಲ್ಲ, ಯಾಕೆಂದರೆ ಅವನು ಅದನ್ನು ನೋಡುತ್ತಲೇ ಇರಲಿಲ್ಲ.

ಗಂಡನ ಮಾತಿನಲ್ಲಿ ಸರಿ ಎಷ್ಟು

ಟೆಕ್ನಾಲಜಿಯಿಂದ ಮಕ್ಕಳಿಗೆ ಲಾಭವೇ ಇಲ್ಲ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಮಾತೇ ಬಾರದ ಕೆಲವು ಮಕ್ಕಳ ಕೈಗೆ ನಾನೇ ಟ್ಯಾಬ್ಲೆಟ್ ಕೊಡುತ್ತೇನೆ. ಚಿತ್ರ ಒತ್ತಿದರೆ ಅದು ಮಗುವಿನ ಪರವಾಗಿ "ನೀರು ಬೇಕು" ಎನ್ನುತ್ತದೆ. ಇದರಿಂದ ಮಗು ಮಾತು ಕಲಿಯುವುದು ನಿಂತುಹೋಗುತ್ತದೆ ಎಂದು ಅನೇಕರು ಹೆದರುತ್ತಾರೆ. ಸಂಶೋಧನೆಗಳು ಹಾಗೆ ಹೇಳುವುದಿಲ್ಲ. ಕೆಲವು ಮಕ್ಕಳಲ್ಲಿ ಬಾಯಿಮಾತೂ ಸ್ವಲ್ಪ ಹೆಚ್ಚುತ್ತದೆ. ಒಂದೇ ಯಂತ್ರ ಒಂದು ಮನೆಯಲ್ಲಿ ಮಗುವನ್ನು ಜನರಿಂದ ದೂರ ಕೂರಿಸುತ್ತದೆ, ಇನ್ನೊಂದರಲ್ಲಿ ಜನರ ಹತ್ತಿರ ತರುತ್ತದೆ. ಅದಕ್ಕೇ ಪೋಷಕರಿಗೆ "ಎಷ್ಟು ಗಂಟೆ?" ಎಂದು ಕೇಳುವ ಮೊದಲು "ನಿಮ್ಮ ಮನೆಯಲ್ಲಿ ಅದಕ್ಕೆ ಯಾವ ಕೆಲಸ ವಹಿಸಿದ್ದೀರಿ?" ಎಂದು ಕೇಳುತ್ತೇನೆ.

ಮೂರು ವರ್ಷ ದಾಟಿದ ಮೇಲೆ ಒಳ್ಳೆಯ ಕಾರ್ಯಕ್ರಮಗಳಿಂದ ಮಕ್ಕಳು ಕಲಿಯುತ್ತಾರೆ. ಅಮೆರಿಕದಲ್ಲಿ 1969ರಲ್ಲಿ ಶುರುವಾದ ಸೆಸಮಿ ಸ್ಟ್ರೀಟ್ ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆಂದೇ ಮಾಡಿದ ಟಿವಿ ಕಾರ್ಯಕ್ರಮ. ಅದರ ಪ್ರಸಾರ ಚೆನ್ನಾಗಿ ಸಿಗುತ್ತಿದ್ದ ಊರುಗಳನ್ನೂ ಸರಿಯಾಗಿ ಸಿಗದ ಊರುಗಳನ್ನೂ ಇಬ್ಬರು ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದರು. ಸಿಗುತ್ತಿದ್ದ ಕಡೆಯ ಮಕ್ಕಳು ಆಮೇಲೆ ಶಾಲೆಯಲ್ಲಿ ತಮ್ಮ ವಯಸ್ಸಿಗೆ ತಕ್ಕ ತರಗತಿಯಲ್ಲೇ ಇರುವ ಸಾಧ್ಯತೆ ಹೆಚ್ಚಾಗಿತ್ತು. ಹಾಗೆಂದು ಎಲ್ಲ ಕಾರ್ಯಕ್ರಮವೂ ಒಂದೇ ಅಲ್ಲ. 2011ರ ಒಂದು ಪ್ರಯೋಗದಲ್ಲಿ ಬಿರುಸಾಗಿ ಓಡುವ ಕಾರ್ಟೂನನ್ನು ಬರೀ ಒಂಬತ್ತು ನಿಮಿಷ ನೋಡಿದ ನಾಲ್ಕು ವರ್ಷದ ಮಕ್ಕಳು, ಆ ಕೂಡಲೇ ಗಮನ ಮತ್ತು ತಾಳ್ಮೆಯ ಆಟಗಳಲ್ಲಿ ಹಿಂದೆ ಬಿದ್ದರು. ಅದು ಶಾಶ್ವತ ಹಾನಿ ಎಂದೇನೂ ಅಲ್ಲಿ ಸಾಬೀತಾಗಿಲ್ಲ. ಆದರೆ ಯಾವುದನ್ನು ಆರಿಸಬೇಕು ಎನ್ನಲು ಸಾಕು: ನಿಧಾನವಾಗಿ ಸಾಗುವುದು, ಕಥೆ ಇರುವುದು, ಕೊನೆ ಇರುವುದು.

"ಹಿಂದೆ ಬೀಳುತ್ತಾನೆ" ಎನ್ನುವ ಭಯಕ್ಕೆ ಮಾತ್ರ ಆಧಾರ ಇಲ್ಲ. ಎರಡು ವರ್ಷದ ಮಗು ಬೆರಳಾಡಿಸಿ ವೀಡಿಯೊ ಹುಡುಕುತ್ತದೆ ಎಂದರೆ ಅದು ಆ ಆ್ಯಪ್ ಮಾಡಿದವರ ಜಾಣತನ. ಎರಡು ವರ್ಷದವರೂ ಬಳಸುವಷ್ಟು ಸುಲಭವಾಗಿರುವುದನ್ನು ಆರು ವರ್ಷಕ್ಕೆ ಕೊಟ್ಟರೆ ಆರು ನಿಮಿಷದಲ್ಲಿ ಕಲಿಯುತ್ತಾರೆ. ಮಕ್ಕಳಿಗೆ ಪ್ರೋಗ್ರಾಮಿಂಗ್ ಪರಿಚಯಿಸಲೆಂದೇ ಮಾಡಿದ ಸ್ಕ್ರ್ಯಾಚ್ ಜೂನಿಯರ್ ಕೂಡ ಐದರಿಂದ ಏಳು ವರ್ಷದವರಿಗೆ. ಎರಡನೇ ವಯಸ್ಸಿನಲ್ಲಿ ಬ್ಲಾಕ್ ಜೋಡಿಸಿ, ಬಿದ್ದದ್ದನ್ನು ಮತ್ತೆ ಕಟ್ಟುವುದು ಅದಕ್ಕೆ ಸಾಕಾದಷ್ಟು ತಯಾರಿ. ನಿಮ್ಮ ಗಂಡನಿಗೆ ತೋರಿಸಿ: ನಿಮ್ಮ ಮಗ ಹಿಂದೆ ಬಿದ್ದಿರುವುದು ಮಾತಿನಲ್ಲಿ, ಟೆಕ್ನಾಲಜಿಯಲ್ಲಲ್ಲ.

ಈಗ ಏನು ಮಾಡುವುದು

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಹೀಗೆ: ಎರಡು ವರ್ಷದ ಒಳಗೆ ಕೂತು ಸ್ಕ್ರೀನ್ ನೋಡುವುದು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಕಡಿಮೆ ಇದ್ದಷ್ಟೂ ಒಳ್ಳೆಯದು. ಸ್ವೀಡನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2024ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು. ಗಡಿಯೇನೋ ಸ್ಪಷ್ಟವಾಗಿದೆ. ನಾಲ್ಕು ಗಂಟೆಯಿಂದ ಅಲ್ಲಿಗೆ ಇಳಿಯುವುದು ಹೇಗೆ ಎನ್ನುವುದೇ ನಿಮ್ಮ ಕಷ್ಟ.

ನಿಮ್ಮ ಪತ್ರದ ಪ್ರಕಾರ ಮೊಬೈಲು ನಿಮ್ಮ ಮನೆಯಲ್ಲಿ ಮೂರು ಕೆಲಸ ಮಾಡುತ್ತಿದೆ. ಊಟ ಮಾಡಿಸುತ್ತದೆ. ಹಟ ಇಳಿಸುತ್ತದೆ. ಅತ್ತೆ ಕೂತು ಸುಧಾರಿಸಿಕೊಳ್ಳಲು ಬಿಡುತ್ತದೆ. ಮೊದಲ ಎರಡು ಕೆಲಸದಿಂದ ಅದನ್ನು ತೆಗೆಯಲೇಬೇಕು. ಮೂರನೆಯದನ್ನು ಮೊಟಕು ಮಾಡಿದರೆ ಸಾಕು.

ಊಟದ ವಿಷಯ ಮೊದಲು. ವೀಡಿಯೊ ನೋಡುವ ಮಗು ಯಾಕೆ ತಿನ್ನುತ್ತದೆ? ಗಮನ ಅಲ್ಲಿ ಹೋಗಿರುತ್ತದೆ, ತುತ್ತು ಬಂದರೆ ಬಾಯಿ ತಾನಾಗಿ ತೆರೆಯುತ್ತದೆ. ಹಸಿವು ಎಲ್ಲಿ ಮುಗಿಯಿತು, ಹೊಟ್ಟೆ ಯಾವಾಗ ತುಂಬಿತು, ರುಚಿ ಹೇಗಿತ್ತು, ಯಾವುದೂ ಅವನಿಗೆ ಗೊತ್ತಾಗುವುದಿಲ್ಲ. ಅಗಿಯುವುದನ್ನು ಮರೆತು ನುಂಗಿದರೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ. ನನಗೆ ಅದಕ್ಕಿಂತ ದೊಡ್ಡ ನಷ್ಟವಾಗಿ ಕಾಣುವುದು ಬೇರೆ. ಎರಡು ವರ್ಷದ ಮಗುವಿನ ದಿನದಲ್ಲಿ ಎದುರುಬದುರು ಕೂತು ಮಾತಾಡಲು ಸಿಗುವ ಒಳ್ಳೆಯ ಸಮಯ ಊಟದ್ದೇ. ಬೇಕು, ಬೇಡ, ಇನ್ನೂ, ಸಾಕು, ಬಿಸಿ. ಮಗು ಕಲಿಯಬೇಕಾದ ಮೊದಲ ಪದಗಳೆಲ್ಲ ತಟ್ಟೆಯ ಸುತ್ತ ಇವೆ.

ಎಲ್ಲ ಹೊತ್ತಿನ ಊಟದಲ್ಲೂ ಒಂದೇ ದಿನ ನಿಲ್ಲಿಸುವುದು ಒಂದು ದಾರಿ. ಬೇಗ ಮುಗಿಯುತ್ತದೆ, ಆದರೆ ಮೊದಲ ಕೆಲವು ದಿನ ಮನೆಯವರೆಲ್ಲ ಗಟ್ಟಿಯಾಗಿ ನಿಲ್ಲಬೇಕು. ನಡುವೆ ಒಬ್ಬರು ಸೋತು ಮೊಬೈಲ್ ಕೊಟ್ಟರೆ "ಇನ್ನೂ ಜೋರಾಗಿ ಅತ್ತರೆ ಸಿಗುತ್ತದೆ" ಎಂಬ ಪಾಠ ಆಗುತ್ತದೆ. ಆಮೇಲೆ ಬಿಡಿಸುವುದು ಮೊದಲಿಗಿಂತ ಕಷ್ಟ. ನಿಮ್ಮ ಮನೆಯಲ್ಲಿ ಹಗಲಿಡೀ ಅತ್ತೆ ಒಬ್ಬರೇ ಇರುವುದರಿಂದ ನಾನು ಇನ್ನೊಂದು ದಾರಿ ಹೇಳುತ್ತೇನೆ. ನೀವು ಮನೆಯಲ್ಲಿರುವ, ಅವನಿಗೆ ಚೆನ್ನಾಗಿ ಹಸಿವಾಗಿರುವ ಒಂದು ಹೊತ್ತಿನ ಊಟದಿಂದ ಶುರು ಮಾಡಿ. ಅದಕ್ಕೆ ಮೊದಲಿನ ಎರಡು ಗಂಟೆ ಹಾಲು, ತಿಂಡಿ ಬೇಡ. ಎಲ್ಲರೂ ಜೊತೆಯಲ್ಲಿ ಕೂತು ಉಣ್ಣಿ. ನಿಮ್ಮ ಮೊಬೈಲು ಕೂಡ ಬೇರೆ ಕೋಣೆಯಲ್ಲಿರಲಿ. ಅವನ ಕೈಯಿಂದ ಅವನೇ ತಿನ್ನಲಿ, ಚೆಲ್ಲಲಿ. ಅರ್ಧ ಗಂಟೆಯಲ್ಲಿ ತಟ್ಟೆ ತೆಗೆಯಿರಿ. ಬೈಯುವುದೂ ಬೇಡ, ಓಲೈಸುವುದೂ ಬೇಡ. ಅದು ನೆಲೆಯೂರಿದ ಮೇಲೆ ಮುಂದಿನ ಊಟ.

ಕೆಲವು ದಿನ ಕಡಿಮೆ ತಿನ್ನುತ್ತಾನೆ. ಅದಕ್ಕೆ ಸಿದ್ಧರಾಗಿ. ಆರೋಗ್ಯವಾಗಿರುವ ಮಗು ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಆದರೆ ಅವನ ತೂಕ ಮೊದಲೇ ಕಡಿಮೆ ಇದ್ದರೆ, ನುಂಗುವಾಗ ಕೆಮ್ಮು, ಓಕರಿಕೆ ಬರುತ್ತಿದ್ದರೆ, ಎರಡು ಮೂರು ಪದಾರ್ಥ ಬಿಟ್ಟು ಬೇರೇನೂ ಮುಟ್ಟದಿದ್ದರೆ ಈ ಪ್ರಯೋಗಕ್ಕೆ ಕೈ ಹಾಕುವ ಮೊದಲು ವೈದ್ಯರಿಗೆ ತೋರಿಸಿ. ಅಂಥ ಮಕ್ಕಳಲ್ಲಿ ಮೊಬೈಲ್ ಇನ್ನೊಂದು ತೊಂದರೆಯನ್ನು ಮುಚ್ಚಿಟ್ಟಿರಬಹುದು.

ಇನ್ನು ಹಟ. ಅತ್ತಾಗಲೆಲ್ಲ ಮೊಬೈಲ್ ಕೊಟ್ಟರೆ ಅಳು ನಿಲ್ಲುತ್ತದೆ, ಅನುಮಾನವೇ ಇಲ್ಲ. ಆದರೆ ಅಳು ಬಂದಾಗ ತಾನಾಗಿ ಇಳಿಯುವುದು ಹೇಗೆ ಎಂದು ಕಲಿಯುವ ಅವಕಾಶ ಪ್ರತಿ ಸಲವೂ ತಪ್ಪುತ್ತದೆ. ಮೂರರಿಂದ ಐದು ವರ್ಷದ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿದ ಒಂದು ಅಧ್ಯಯನ 2022ರ ಕೊನೆಯಲ್ಲಿ ಬಂತು. ಸಮಾಧಾನ ಮಾಡಲು ಪದೇ ಪದೇ ಮೊಬೈಲ್ ಕೊಟ್ಟ ಮಕ್ಕಳಲ್ಲಿ ಆಮೇಲೆ ಥಟ್ಟನೆ ರೇಗುವುದು, ಅಳುವುದು ಜಾಸ್ತಿ ಕಂಡಿತು. ಗಂಡು ಮಕ್ಕಳಲ್ಲಿ, ಮೊದಲೇ ಚುರುಕು ಸ್ವಭಾವದವರಲ್ಲಿ ಅದು ಇನ್ನೂ ಎದ್ದು ಕಾಣುತ್ತಿತ್ತು.

ಮೊಬೈಲ್ ತೆಗೆಯುವ ಕ್ಷಣದ ಬಗ್ಗೆ ಒಂದು ವಿಚಿತ್ರ ಸಂಗತಿ ಹೇಳಲೇಬೇಕು. "ಇನ್ನೆರಡು ನಿಮಿಷ ಅಷ್ಟೇ" ಎಂದು ಮೊದಲೇ ಎಚ್ಚರಿಸಿ ಎಂದು ನಾವೆಲ್ಲ ಸಲಹೆ ಕೊಡುತ್ತಿದ್ದೆವು. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮನೆಗಳಲ್ಲಿ ದಿನಚರಿ ಬರೆಸಿ ನೋಡಿದಾಗ, ಹಾಗೆ ಎಚ್ಚರಿಸಿದ ದಿನ ಚಿಕ್ಕ ಮಕ್ಕಳ ರಂಪ ಜಾಸ್ತಿಯೇ ಇತ್ತು. ಸುಲಭವಾಗಿ ಬಿಟ್ಟದ್ದು ಕಾರ್ಯಕ್ರಮ ತಾನಾಗಿ ಮುಗಿದಾಗ, ಅಥವಾ ಬ್ಯಾಟರಿ ಹೋದಾಗ. ಅಮ್ಮ ಕಸಿದುಕೊಂಡಳು ಎನ್ನುವ ಜಗಳಕ್ಕೆ ಅಲ್ಲಿ ಜಾಗ ಇರುವುದಿಲ್ಲ. ಹಾಗಾಗಿ ಒಂದಾದ ಮೇಲೊಂದು ತಾನಾಗಿ ಓಡುವ ಆಟೋಪ್ಲೇ ಆಫ್ ಮಾಡಿ. ಕೊನೆ ಇರುವ ಒಂದು ಕಥೆ ಹಾಕಿ. ಮುಗಿದ ಕೂಡಲೇ ಮುಂದೇನು ಎನ್ನುವುದು ದಿನಾ ಒಂದೇ ಇರಲಿ: ಸ್ನಾನ, ಅಥವಾ ಹೊರಗೆ ಹೋಗುವುದು. ನೆಲಕ್ಕೆ ಬಿದ್ದು ಹೊರಳಿದರೆ ಪಕ್ಕದಲ್ಲಿ ಕೂರಿ. ಪೆಟ್ಟಾಗದಂತೆ ನೋಡಿಕೊಳ್ಳಿ. "ಬೇಜಾರಾಯ್ತು" ಎಂದು ಒಂದೇ ಮಾತು ಹೇಳಿ ಸುಮ್ಮನಿರಿ. ಆ ಹೊತ್ತಿನಲ್ಲಿ ಉಪದೇಶ ಅವನ ಕಿವಿಗೆ ಹೋಗುವುದಿಲ್ಲ.

ಮೂರನೆಯದು ಅತ್ತೆಯ ವಿಷಯ. ಮಂಡಿ ನೋಯುವ ಹಿರಿಯರು ಇಡೀ ಹಗಲು ಎರಡು ವರ್ಷದ ಮಗುವನ್ನು ಸಂಭಾಳಿಸುತ್ತಿದ್ದಾರೆ. "ಮೊಬೈಲ್ ಕೊಡಬೇಡಿ" ಎಂದು ಹೇಳಿ ನೀವು ಕೆಲಸಕ್ಕೆ ಹೊರಟರೆ ಅದು ಅನ್ಯಾಯ. ನಡೆಯುವುದೂ ಇಲ್ಲ. ಅವರಿಗೆ ಅರ್ಧ ಗಂಟೆ ಟಿವಿ ಬಿಟ್ಟುಕೊಡಿ. ಕೈಯಲ್ಲಿ ಹಿಡಿಯುವ ಮೊಬೈಲಿಗಿಂತ ಟಿವಿ ವಾಸಿ. ಅದು ದೂರದಲ್ಲಿರುತ್ತದೆ. ಮಗು ಬೆರಳಾಡಿಸಿ ಬದಲಾಯಿಸಲು ಆಗುವುದಿಲ್ಲ. ಅಜ್ಜಿ ಪಕ್ಕದಲ್ಲಿ ಕೂತು "ಅಗೋ ನಾಯಿ, ಓಡಿಹೋಯ್ತು" ಎನ್ನಬಹುದು. ಉಳಿದ ಹೊತ್ತಿಗೆ ಕುರ್ಚಿಯಲ್ಲೇ ಕೂತು ಆಡಿಸುವ ಆಟ ಸಿದ್ಧ ಮಾಡಿಕೊಡಿ. ಮುಚ್ಚಳ ಇರುವ ಡಬ್ಬಿಗಳು, ಜೋಡಿ ಮಾಡಲು ಕಾಲುಚೀಲ, ಚೆಂಡು, ದಪ್ಪ ಹಾಳೆಯ ಚಿತ್ರದ ಪುಸ್ತಕ. ಸಾಧ್ಯವಾದರೆ ದಿನಕ್ಕೆ ಒಂದೆರಡು ಗಂಟೆ ಯಾರಾದರೂ ಸಹಾಯಕ್ಕೆ ಸಿಗುತ್ತಾರಾ ನೋಡಿ. ಇದಕ್ಕೆ ಖರ್ಚು ಮಾಡುವುದು ಯಾವ ಕಲಿಕೆಯ ಆ್ಯಪಿಗೆ ಕೊಡುವುದಕ್ಕಿಂತಲೂ ಮೇಲು.

ಇಷ್ಟೆಲ್ಲ ತೆಗೆದ ಜಾಗದಲ್ಲಿ ಮಾತು ತುಂಬಬೇಕು. ಹಾಗೆಂದು ದಿನವಿಡೀ "ಇದೇನು? ಅದೇನು?" ಎಂದು ಕೇಳಬೇಡಿ. ಪ್ರಶ್ನೆ ಕಡಿಮೆ ಮಾಡಿ, ಹೇಳುವುದು ಜಾಸ್ತಿ ಮಾಡಿ. ಅವನು ನೋಡುತ್ತಿರುವುದರ ಬಗ್ಗೆ, ಚಿಕ್ಕ ಮಾತಿನಲ್ಲಿ, ನಿಮಗೆ ಸಲೀಸಾದ ಭಾಷೆಯಲ್ಲೇ ಹೇಳಿ. ನೀರಿನ ಬಾಟಲಿ ಕಣ್ಣಿಗೆ ಕಾಣುವಂತೆ, ಕೈಗೆ ಸಿಗದಂತೆ ಇಡಿ. ಅವನು ಎಳೆದುಕೊಂಡು ಬಂದಾಗ ಅವನ ಎತ್ತರಕ್ಕೆ ಕೂತು, ಬಾಟಲಿ ಹಿಡಿದು, ಐದಾರು ಸೆಕೆಂಡು ಕಾಯಿರಿ. ಮುಖ ನೋಡಿದನಾ, ಬೆರಳು ತೋರಿಸಿದನಾ, "ನೀ" ಎಂದನಾ, ಯಾವುದಾದರೂ ಸಾಕು. "ನೀರು. ನೀರು ಬೇಕು" ಎಂದು ನೀವೇ ಹೇಳಿ ತಕ್ಷಣ ಕೊಡಿ. ಏನೂ ಮಾಡದಿದ್ದರೂ ಹೇಳಿ ಕೊಡಿ. ಮಾತಾಡುವವರೆಗೆ ನೀರಿಲ್ಲ ಎನ್ನುವ ಶಿಕ್ಷೆ ಮಾತ್ರ ಬೇಡವೇ ಬೇಡ. ಮೊದಲು ಕಷ್ಟವಾಗುವುದು ನಿಮಗೇ. ಐದು ಸೆಕೆಂಡು ಸುಮ್ಮನಿರುವುದು ದೊಡ್ಡವರಿಗೆ ತುಂಬಾ ಉದ್ದ ಅನ್ನಿಸುತ್ತದೆ.

ಕಣ್ಣು, ನಿದ್ದೆ

ಸ್ಕ್ರೀನಿನ ಬೆಳಕು ಕಣ್ಣನ್ನು ಸುಡುತ್ತದೆ ಎನ್ನುವುದು ನಿಜವಲ್ಲ. ಚಿಂತೆ ಇರುವುದು ಸಮೀಪದೃಷ್ಟಿಯದು, ಅಂದರೆ ದೂರದ್ದು ಮಸುಕಾಗುವುದು. ಹತ್ತಿರ ಹಿಡಿದು ಬಹಳ ಹೊತ್ತು ನೋಡುವುದು ಒಂದು ಕಡೆ, ಹೊರಗಿನ ಬೆಳಕು ಸಾಲದಿರುವುದು ಇನ್ನೊಂದು ಕಡೆ. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚು ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಅವರಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಸುಮಾರು 30% ಮಕ್ಕಳಿಗೆ. ಉಳಿದ ಶಾಲೆಗಳಲ್ಲಿ ಸುಮಾರು 40%. ಹೊರಗೆ ಆಡಿಸಿ, ಅಷ್ಟೆ. "ಮೊಬೈಲ್ ಕನ್ನಡಕ" ಎಂದು ಮಾರುವುದಕ್ಕೆ ದುಡ್ಡು ಹಾಕಬೇಡಿ.

ನಿದ್ದೆಯ ವಿಷಯ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಬ್ರಿಟನ್ನಿನಲ್ಲಿ 6ರಿಂದ 36 ತಿಂಗಳ ಮಕ್ಕಳ ಪೋಷಕರನ್ನು ಕೇಳಿ ನಡೆಸಿದ ಸಮೀಕ್ಷೆಯಲ್ಲಿ, ದಿನಕ್ಕೆ ಟಚ್‌ಸ್ಕ್ರೀನ್ ಬಳಸಿದ ಒಂದೊಂದು ಗಂಟೆಗೂ ಸುಮಾರು 16 ನಿಮಿಷ ನಿದ್ದೆ ಕಡಿಮೆ ಇತ್ತು. ನಾಲ್ಕು ಗಂಟೆಗೆ ಲೆಕ್ಕ ಹಾಕಿ ನೋಡಿ. ನಿದ್ದೆ ಸಾಲದ ಮಗು ಮಾರನೇ ದಿನ ಜಾಸ್ತಿ ಹಟ ಮಾಡುತ್ತದೆ. ಹಟಕ್ಕೆ ಮತ್ತೆ ಮೊಬೈಲ್ ಬರುತ್ತದೆ. ಮಲಗುವ ಮುಂಚಿನ ಒಂದು ಗಂಟೆ ಸ್ಕ್ರೀನ್ ಬೇಡ.

ಆಗಬಾರದ್ದು ಆಗಿಬಿಟ್ಟಿದೆಯಾ ಎಂದು ಕೇಳಿದ್ದೀರಿ. ಕೆನಡಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಐದು ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನ 2019ರಲ್ಲಿ ಬಂತು. ಎರಡು, ಮೂರನೇ ವಯಸ್ಸಿನಲ್ಲಿ ಜಾಸ್ತಿ ಸ್ಕ್ರೀನ್ ನೋಡಿದವರು ಮುಂದಿನ ಬೆಳವಣಿಗೆಯ ಪರೀಕ್ಷೆಗಳಲ್ಲಿ ಸ್ವಲ್ಪ ಹಿಂದಿದ್ದರು. "ಸ್ವಲ್ಪ" ಎನ್ನುವ ಪದ ನಾನು ಸಮಾಧಾನಕ್ಕೆ ಸೇರಿಸಿದ್ದಲ್ಲ, ಅಲ್ಲಿ ಕಂಡ ವ್ಯತ್ಯಾಸವೇ ಸಣ್ಣದು. ನಿಮ್ಮ ಮಗನಿಗೆ ತಪ್ಪಿಹೋದದ್ದು ಮಾತಾಡುವ ಅವಕಾಶಗಳು. ಎರಡೂಕಾಲು ವರ್ಷದಲ್ಲಿ ಅದನ್ನು ತುಂಬಿಕೊಡಲು ಧಾರಾಳ ಸಮಯ ಇದೆ. ಮೊಬೈಲಿಗೆ ಸಂಬಂಧವಿಲ್ಲದ ಬೇರೆ ಕಾರಣ ಇದ್ದರೆ ಅದಕ್ಕೂ ಈ ವಯಸ್ಸಿನಲ್ಲಿ ಶುರು ಮಾಡಿದ ಥೆರಪಿ ಚೆನ್ನಾಗಿ ಹಿಡಿಯುತ್ತದೆ.

ತಪಾಸಣೆಗೆ ದಿನ ಗೊತ್ತು ಮಾಡಿದ ಮೇಲೆ ಒಂದು ಸಿದ್ಧತೆ ಮಾಡಿಕೊಳ್ಳಿ. ಹೊಸ ಜಾಗದಲ್ಲಿ ಮಕ್ಕಳು ಮುದುಡಿಕೊಳ್ಳುತ್ತಾರೆ, ಮನೆಯಲ್ಲಿ ಇರುವ ಹಾಗೆ ನಮಗೆ ಕಾಣಸಿಗುವುದಿಲ್ಲ. ಅವನು ಆಡುವಾಗ, ಊಟ ಮಾಡುವಾಗ, ನೀರಿಗಾಗಿ ಕೈ ಎಳೆಯುವಾಗ ಎರಡೆರಡು ನಿಮಿಷದ ವೀಡಿಯೊ ತೆಗೆದಿಟ್ಟುಕೊಳ್ಳಿ. ಅವನಿಗೆ ಗೊತ್ತಾಗದ ಹಾಗೆ ತೆಗೆಯಿರಿ, ಇಲ್ಲವಾದರೆ ಮೊಬೈಲ್ ಕಡೆಗೇ ಓಡಿ ಬರುತ್ತಾನೆ. ಅವನು ತಾನಾಗಿ ಬಳಸುವ ಪದಗಳ ಪಟ್ಟಿಯನ್ನೂ ಬರೆದು ತನ್ನಿ. ಅದರಲ್ಲಿ ಅಕ್ಷರ, ಅಂಕಿ, ಬಣ್ಣ ಬೇಡ.